ಇಲಿ ಡಾಕ್ಟರಮ್ಮ

ಬೀದಿಯವರೆಲ್ಲ ಆಕೆಯನ್ನು ಇಲಿ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಹಾಗೆ ಹೆಸರಿಟ್ಟವನು ಗಂಡನೇ. ಲಿಫ್ಟ್ ರಿಪೇರಿಯ ಮೆಕ್ಯಾನಿಕ್, ಬಾಯಿ ಸುಮ್ಮನಿರದ ಮನುಷ್ಯ. ಯಾರಾದರೂ ಜ್ವರವೆಂದು ಬಾಗಿಲು ತಟ್ಟಿದರೆ, "ಬಾಲ ಇದ್ದೋರನ್ನ ಮಾತ್ರ ನೋಡ್ತಾಳೆ, ನಿಮಗಿದೆಯಾ?" ಎಂದು ನಗಿಸಿ ಕಳಿಸುತ್ತಿದ್ದ.

ಆಕೆ ಸಂಶೋಧಕಿ. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ಕಿಟಕಿಯಿಲ್ಲದ ಪ್ರಯೋಗಾಲಯದಲ್ಲಿ, ಇಲಿಗೆ ಅರಿವಳಿಕೆ ಕೊಟ್ಟು ಕಿಡ್ನಿಯ ರಕ್ತನಾಳಕ್ಕೆ ಪುಟ್ಟ ಕ್ಲಿಪ್ ಹಾಕುವುದು, ಕಾಯುವುದು, ತೆಗೆಯುವುದು. ಕಪ್ಪಿಟ್ಟ ಕಿಡ್ನಿ ಕ್ಲಿಪ್ ತೆಗೆದೊಡನೆ ಕೆಂಪಾಗುತ್ತದೆ. ನೋಡಿದವರಿಗೆ ಜೀವ ಬಂತು ಅನಿಸುತ್ತದೆ. ಆದರೆ ರಕ್ತ ಮರಳಿ ನುಗ್ಗಿದಾಗಲೇ ಹೆಚ್ಚಿನ ಹಾನಿ ಶುರು. ಕಸಿ ಮಾಡಿದ ಕಿಡ್ನಿಯೂ ಕೆಲವೊಮ್ಮೆ ಹೀಗೆ ಗಾಯಗೊಂಡು ಕೆಲಸ ಮಾಡದೆ ಬಿದ್ದಿರುತ್ತದೆ. ವೈದ್ಯರು ಅದನ್ನು ‘ನಿದ್ದೆ’ ಎನ್ನುತ್ತಾರೆ. ಆ ನಿದ್ದೆ ತಪ್ಪಿಸುವ ಔಷಧಿಯ ಬೆನ್ನು ಹತ್ತಿಯೇ ಆಕೆಯ ತಲೆ ನರೆತಿತ್ತು.

ಒಂದು ಮಧ್ಯಾಹ್ನ ಗಂಡ ಲಿಫ್ಟಿನ ಯಂತ್ರದ ಕೋಣೆಯಲ್ಲಿ ಕುಸಿದುಬಿದ್ದ. ಮೆದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆಯಲ್ಲಿ ಯಂತ್ರ ಉಸಿರು ಕೊಡುತ್ತಿತ್ತು, ಕೆನ್ನೆ ಬೆಚ್ಚಗಿತ್ತು. ವೈದ್ಯರು ಮತ್ತೆ ಮತ್ತೆ ಪರೀಕ್ಷಿಸಿ, ಮೆದುಳು ಸತ್ತಿದೆ ಎಂದರು.

ಅಂಗದಾನದ ಸಂಯೋಜಕಿ ಆಕೆಗೆ ಪರಿಚಯದವಳೇ. ಬಂದವಳು ಕೈಯಲ್ಲಿದ್ದ ಒಪ್ಪಿಗೆ ಪತ್ರವನ್ನು ಮಡಿಸುತ್ತಾ ಬಾಗಿಲಲ್ಲೇ ನಿಂತಳು.

"ಕೇಳೋದಕ್ಕೆ ಸಂಕೋಚ ಬೇಡ," ಆಕೆಯೇ ಹೇಳಿದಳು. "ಅತ್ತೆ ಒಪ್ಪಿದ್ರೆ ನನ್ನದೇನೂ ಅಡ್ಡಿ ಇಲ್ಲ."

ಅತ್ತೆ ಮಗನ ಪಾದ ನೀವುತ್ತಾ ಕೂತಿದ್ದರು. "ಕಿಡ್ನಿನ ಐಸಲ್ಲಿ ಇಟ್ಕೊಂಡು ಹೋಗ್ತಾರೆ ಅಂತಿದ್ಯಲ್ಲ. ಚಳಿಗೆ ಏನೂ ಆಗಲ್ವಾ?"

"ಚಳಿ ಒಳ್ಳೇದೇ ಅತ್ತೆ. ತಣ್ಣಗಿದ್ರೆ ಜೀವಕೋಶಕ್ಕೆ ಆಮ್ಲಜನಕ ಕಡಿಮೆ ಸಾಕು. ತೊಂದರೆ ಬರೋದು ಆಮೇಲೆ, ರಕ್ತ ವಾಪಸ್ ಬಿಟ್ಟಾಗ..." ಪಾಠ ಹೇಳುವವಳಂತೆ ಆಕೆ ಹೇಳುತ್ತಲೇ ಹೋದಳು. ತನ್ನ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸುತ್ತಿತ್ತು.

ಅತ್ತೆ ಅವಳ ಮೊಣಕೈ ಹಿಡಿದರು. "ಸಾಕಮ್ಮ. ಕೊಟ್ಟುಬಿಡೋಣ."

ಅಂತ್ಯಕ್ರಿಯೆ ಮುಗಿಸಿ ಮನೆಗೆ ಬಂದಮೇಲೂ ಆಕೆ ಅಳಲಿಲ್ಲ. "ಇವಳದು ಎದೆಯೋ ಕಲ್ಲೋ" ಎಂದು ನಾದಿನಿ ಅಡುಗೆಮನೆಯಲ್ಲಿ ಅಂದದ್ದು ಕಿವಿಗೆ ಬಿತ್ತು, ಕೋಪವೂ ಬರಲಿಲ್ಲ. ಮತ್ತೆ ಕೆಲಸಕ್ಕೆ ಹೋದಳು. ಆಕೆ ಒಳಗೆ ಬಂದರೆ ಜೊತೆಯವರು ದನಿ ತಗ್ಗಿಸುತ್ತಿದ್ದರು. ಕ್ಲಿಪ್ ಹಾಕುವುದರಲ್ಲಿ ಒಂದೂ ತಪ್ಪಾಗುತ್ತಿರಲಿಲ್ಲ. ಬಸ್ಸಿನಲ್ಲಿ ಮಾತ್ರ ತನ್ನ ನಿಲ್ದಾಣ ದಾಟಿ ಎಲ್ಲೋ ಇಳಿದು, ನಡೆದು ಬರುತ್ತಿದ್ದಳು.

ಅಂಗ ಯಾರಿಗೆ ಹೋಯಿತೆಂದು ಹೇಳುವಂತಿಲ್ಲ, ಹೇಗಿದೆಯೆಂದು ಹೇಳಬಹುದು. ಸಂಯೋಜಕಿ ಫೋನ್ ಮಾಡಿದಳು: ಒಂದು ಕಿಡ್ನಿ ಆಪರೇಷನ್ ಮೇಜಿನ ಮೇಲೇ ಕೆಲಸ ಶುರು ಮಾಡಿದೆ; ಇನ್ನೊಂದು ನಿದ್ದೆಯಲ್ಲಿದೆ.

ಇದನ್ನು ಕೇಳಿ ಅತ್ತೆ, ಮಗ ಹೋದಮೇಲೆ ಮೊದಲ ಸಲ, ನಕ್ಕರು. "ನಿದ್ದೆ ತಾನೆ? ಒಂದೇ ಕೂಗಿಗೆ ಅವನು ಯಾವತ್ತು ಎದ್ದಿದ್ದ? ಏಳ್ತಾನೆ ಬಿಡು."

ಅಲ್ಲಿಂದ ದಿನವೂ ಸಂಜೆ, ಆಕೆ ಚಪ್ಪಲಿ ಬಿಡುವ ಮೊದಲೇ ಅತ್ತೆಯದು ಒಂದೇ ಪ್ರಶ್ನೆ. "ಎದ್ದಿತಾ?"

"ಇನ್ನೂ ಇಲ್ಲ ಅತ್ತೆ."

ದಿನ ಕಳೆದಂತೆ ಏಳುವ ಸಾಧ್ಯತೆ ಎಷ್ಟು ಕುಗ್ಗುತ್ತದೆಂದು ಆಕೆಗೆ ಗೊತ್ತಿತ್ತು.

ಕೊನೆಗೆ ಸಂಯೋಜಕಿಯ ಫೋನ್ ಬಂದಾಗ ಇಲಿಯ ಹೊಟ್ಟೆಗೆ ಹೊಲಿಗೆ ಹಾಕುತ್ತಿದ್ದಳು. ಕೇಳಿಸಿಕೊಂಡು "ಸರಿ" ಎಂದಳು. ಹೊಲಿಗೆ ಮುಗಿಸಿದಳು.

ಸಂಜೆ ಅತ್ತೆ ಬಟ್ಟೆ ಮಡಿಸುತ್ತಿದ್ದರು. "ಎದ್ದಿತಾ?"

"ಇಲ್ಲ ಅತ್ತೆ. ಏಳಲ್ಲ. ತೆಗೆದುಬಿಟ್ರಂತೆ."

ಅತ್ತೆಯ ಕೈ ಟವೆಲಿನ ಮೇಲೆಯೇ ನಿಂತಿತು. "ಹಾಕಿಸ್ಕೊಂಡೋರು?"

"ಮತ್ತೆ ಡಯಾಲಿಸಿಸ್‌ಗೆ."

"ಪಾಪ. ಅವರ ಮನೇಲೂ ದಿನಾ ಹೀಗೇ ಕೇಳ್ತಿದ್ರೇನೋ." ಟವೆಲನ್ನು ಮಡಿಸಿಟ್ಟು, "ಇದಕ್ಕೇ ಅಲ್ವಾ ನೀನು ಔಷಧಿ ಹುಡುಕ್ತಿದ್ದದ್ದು? ಸಿಗಲಿಲ್ವಾ?"

"ಇಲಿಗಳಿಗೆ ಸಿಕ್ಕಿದೆ."

ಅತ್ತೆ ಮುಂದಿನ ಬಟ್ಟೆ ಎತ್ತಿಕೊಂಡರು.

ಮುಂದೆ ಆ ಔಷಧಿಯನ್ನು ಮನುಷ್ಯರ ಮೇಲೂ ಪರೀಕ್ಷಿಸಿದರು. ಕೆಲವರಿಗೆ ಹಿಡಿಯಿತು, ಹಲವರಿಗೆ ಇಲ್ಲ. ಆಕೆ ಅದರ ದೋಷ ಹುಡುಕುತ್ತಾ ಅದೇ ಕೋಣೆಯಲ್ಲಿ ಉಳಿದಳು.

ಆ ದಿನಗಳಲ್ಲೇ ಒಂದು ಸಂಜೆ ನಾದಿನಿ ತಾಯಿಯನ್ನು ತನ್ನ ಮನೆಗೆ ಕರೆದೊಯ್ಯಲು ಬಂದಳು. ಅಟ್ಟದಿಂದ ತಾಯಿಯ ಬ್ಯಾಗನ್ನೂ ಇಳಿಸಿದಳು. ಅತ್ತೆ ಜಗ್ಗಲಿಲ್ಲ. "ನಾನು ಬಂದ್ರೆ ಇವಳನ್ನ ಊಟಕ್ಕೆ ಕರೆಯೋರು ಯಾರು?"

"ಅವಳೇನು ಸಣ್ಣ ಮಗುನಾ ಅಮ್ಮಾ?"

"ತಟ್ಟೆ ಹಾಕು," ಎಂದರು ಅತ್ತೆ ಮಗಳಿಗೆ.

ಮೂವರೂ ಕೂತರು. ಆಕೆಗೆ ಹಸಿವಿರಲಿಲ್ಲ. ಅತ್ತೆ ಬಡಿಸಿದಷ್ಟನ್ನೂ ಉಂಡು, ಎದ್ದು ಕೈ ತೊಳೆದಳು.