ಓಡೋಕೆ ಮುಂಚೆ ಒಂದು ಮುದ್ದೆ

ನಮ್ಮ ಯಜಮಾನರಿಗೆ ಮಿಲಿಟರಿ ಹುಚ್ಚು. ಹುಚ್ಚು ಅಂತ ನಾನು ಹೇಳಬಹುದು, ಕಟ್ಟಿಕೊಂಡವಳು. ಬೇರೆ ಯಾರಾದರೂ ಅಂದರೆ ಸುಮ್ಮನೆ ಬಿಡುವವಳಲ್ಲ. ಬಾಗೂರಿನ ಹಾಲಿನ ಡೈರಿಯಲ್ಲಿ ಮೂವತ್ತಮೂರು ವರ್ಷ ಕಾರ್ಯದರ್ಶಿಯಾಗಿದ್ದ ಪುಟ್ಟರಾಜು ಅಂದರೆ ಇವರೇ. ನಾನು ಪ್ರೇಮಕುಮಾರಿ, ಅದೇ ಊರಿನ ಅಂಗನವಾಡಿಯಲ್ಲಿ ಮಕ್ಕಳ ಮೂಗು ಒರೆಸಿ, ಉಪ್ಪಿಟ್ಟು ಕೆದಕಿ ರಿಟೈರಾದವಳು. ಇಬ್ಬರಿಗೂ ಅರವತ್ತು ದಾಟಿದೆ. ನನ್ನ ಮಂಡಿಗಳಿಗೆ ಎಂಬತ್ತು ದಾಟಿರಬೇಕು.

ಈ ಹುಚ್ಚು ಹತ್ತಿದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ. ಆಗ ಇವರಿಗೆ ಹತ್ತೊಂಬತ್ತು. ಹಾಸನದಲ್ಲಿ ಮಿಲಿಟರಿಗೆ ಆಳು ತಗೋತಾರೆ ಅಂತ ಕೇಳಿ ಮೊದಲನೇ ಬಸ್ಸಿಗೆ ಹೋದವರು, ಓಟದ ಮೂರನೇ ಸುತ್ತಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದರಂತೆ. ಬರೀ ಹೊಟ್ಟೆ. ಹಿಂದಿನ ದಿನದಿಂದ ಒಂದು ತುತ್ತೂ ಇಲ್ಲ. ಮದುವೆಯಾದ ಹೊಸದರಲ್ಲಿ ಇದನ್ನು ನನಗೆ ಹೇಳಿ ಕಣ್ಣೀರು ಹಾಕಿಕೊಂಡರು. ನಾನೂ ಅತ್ತೆ. ಆಮೇಲೆ, "ನನ್ನಂಗೆ ಯಾವ ಉಡ್ಗನೂ ಅಸ್ಕೊಂಡು ಓಡ್ಬಾರ್ದು ಕಣೆ, ನಮ್ ಕೈಲಿ ಉಂಡೋನು ಒಬ್ಬನಾದ್ರೂ ಯೂನಿಫಾರಂ ಆಕ್ಬೇಕು" ಅಂದರು. ಸರಿ ಅಂದೆ. ಅಲ್ಲಿಗೆ ಮುಗಿಯಿತು ನನ್ನ ಕಥೆ. ನನ್ನ ಓರಗೆಯವರೆಲ್ಲ ಗಂಡನ ಜೊತೆ ಸಿನಿಮಾಗೆ ಹೋಗುವಾಗ ನಾನು ಓಡುವ ಹುಡುಗರಿಗೆ ಅಂತ ಹಾಸನದ ಮೈದಾನಕ್ಕೆ ಮುದ್ದೆ ಕುಕ್ಕೆ ಹೊತ್ತುಕೊಂಡು ಹೋಗುತ್ತಿದ್ದೆ. ಇವರಿಗೆ ಡೈರಿ ಕೆಲಸ ಸಿಕ್ಕಿದ ಮೇಲೆಯೇ ಅದು ನಿಂತಿದ್ದು. ಹಸುಗಳಿಗೆ ಭಾನುವಾರವಿಲ್ಲವಲ್ಲ.

ನಿಂತಿತು ಅಂತ ನಾನು ತಿಳಿದಿದ್ದೆ. ಹೋದ ವರ್ಷ ಒಂದು ಬೆಳಿಗ್ಗೆ ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಬಂದರು. ಮುಖ ನೋಡಿದರೆ ಹೊಸ ಮದುವೆ ಗಂಡು.

"ಕುಮಾರಿ, ಆಸನ್ದಲ್ಲಿ ಆರ್ಮಿ ಸೆಲೆಕ್ಷನ್ ಅಂತೆ ಕಣೆ. ಈಗೇನು, ನಂಗೂ ಡೈರಿ ಇಲ್ಲ, ನಿಂಗೂ ಅಂಗನವಾಡಿ ಇಲ್ಲ."

"ನಂಗೆ ಮಂಡಿನೂ ಇಲ್ಲ," ಅಂದೆ. ಕೇಳಿಸಿಕೊಳ್ಳಲಿಲ್ಲ ಮಹಾರಾಯರು.

ಮೈದಾನದ ಹತ್ತಿರದ ಬೀದಿಯಲ್ಲೇ ನನ್ನ ತಂಗಿ ನೀಲಾಂಬಿಕೆಯ ಮನೆ. ಅವಳ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಬೆಳಗಿನ ಜಾವ ಎದ್ದು ಹಿಟ್ಟು ತೊಳಸಿ, ಅರವತ್ತು ಮುದ್ದೆ ಕಟ್ಟಿ, ಹುರುಳಿಕಾಳಿನ ಸಾರು ಮಾಡಿ, ಐದು ಗಂಟೆಗೆಲ್ಲ ಆಟೋದಲ್ಲಿ ಮುಂದಿನ ಗೇಟಿಗೆ ತಂದಿಟ್ಟೆವು. ಕೊಣನೂರು, ಅರಕಲಗೂಡು, ಎಲ್ಲೆಲ್ಲಿಂದಲೋ ಬಂದ ಹುಡುಗರು ಫುಟ್‌ಪಾತಿನ ಮೇಲೆ ಬ್ಯಾಗು ತಲೆದಿಂಬು ಮಾಡಿಕೊಂಡು ಮಲಗಿದ್ದವರು ಎದ್ದು ಮೈ ಮುರಿಯುತ್ತಿದ್ದರು. ಈಗಿನ ಹುಡುಗರು ಬುದ್ಧಿವಂತರು. ಒಂದು ಬಾಳೆಹಣ್ಣು, ಒಂದು ಗುಟುಕು ನೀರು, ಅಷ್ಟೇ. ನಮ್ಮ ಮುದ್ದೆ ನೋಡಿ ನಕ್ಕು ಮುಂದೆ ಹೋದರು. ಯಜಮಾನರ ಮುಖ ಸಣ್ಣದಾಯಿತು.

ಆಗ ಸಿಕ್ಕಿದವನು ಗೌರೀಶ. ಹೊಳೆನರಸೀಪುರದ ಕಡೆಯವನು, ಸಣಕಲು ದೇಹ, ಉದ್ದ ಕಾಲು. ಇನ್ನು ಎರಡು ತಿಂಗಳಿಗೆ ವಯಸ್ಸು ಮೀರುತ್ತದೆ, ಇದೇ ಕೊನೇ ಸಲ ಅಂತ ಅವನೇ ಹೇಳಿದ. ಹೋದ ಸಲ ಮೂರೇ ಮೂರು ಸೆಕೆಂಡಿನಲ್ಲಿ ತಪ್ಪಿತ್ತಂತೆ. ಇವರು ತಟ್ಟೆ ಹಿಡಿದು ಎದುರಿಗೆ ನಿಂತೇಬಿಟ್ಟರು.

"ಬ್ಯಾಡ ತಾತ, ಓಡ್ಬೇಕು."

"ಅದ್ಕೇ ಉಣ್ಣು ಅನ್ನೋದು. ಬರೀ ಒಟ್ಟೇಲಿ ಓಡಿ ನಾನು ಕೆಟ್ಟಿವ್ನಿ ಕಣಪ್ಪ."

ನಮ್ಮ ಕಡೆ ಹಿರಿಯರು ನೀಡಿದ ತಟ್ಟೆಯನ್ನು ಬೇಡ ಅಂತ ತಳ್ಳಿ ಹೋಗುವುದುಂಟೇ? ಹುಡುಗ ಕೂತ. ಒಂದು ಮುದ್ದೆ ಮುಗಿಸಿ ತಟ್ಟೆಗೆ ಕೈ ಅಡ್ಡ ಹಿಡಿದ. ಇವರು ಆ ಕೈ ಸರಿಸಿ ಇನ್ನರ್ಧ ಇಟ್ಟರು. ಸಾರು ಬಿಡು ಅಂತ ನನಗೆ ಸನ್ನೆ ಮಾಡಿದರು. ಸೌಟು ನನ್ನ ಕೈಯಲ್ಲೇ ಇತ್ತು, ಬಿಟ್ಟೆ. ನನ್ನ ತಪ್ಪನ್ನೂ ಹೇಳಬೇಕಲ್ಲ. ಉಪಚಾರ ಮಾಡುವುದು ಅಂದರೆ ನಮಗೆ ಗೊತ್ತಿರುವುದು ಇಷ್ಟೇ, ಸಾಕು ಅಂದವರಿಗೆ ಇನ್ನೊಂದು ಸಲ ಬಡಿಸುವುದು.

ಏಳು ಗಂಟೆಗೆ ಅವನ ಗುಂಪನ್ನು ಓಡಿಸಿದರು. ನಾವು ಕಂಬಿಯಾಚೆ ನಿಂತು ನೋಡಿದೆವು. ನಾಲ್ಕು ಸುತ್ತು. ಎರಡು ಸುತ್ತು ಆ ಉದ್ದ ಕಾಲಿನವನು ಮುಂದಿನ ಹತ್ತು ಜನರಲ್ಲೇ ಇದ್ದ. ಯಜಮಾನರು ಕಂಬಿ ಹಿಡಿದು "ಓಡ್ಲಾ ಮಗ, ಓಡ್ಲಾ" ಅಂತ ಕೂಗುತ್ತಿದ್ದರು. ಮೂರನೇ ಸುತ್ತಿನಲ್ಲಿ ಹುಡುಗ ಹೊಟ್ಟೆ ಹಿಡಿದುಕೊಂಡ. ನಾಲ್ಕು ಹೆಜ್ಜೆ ಇಟ್ಟು ಬಗ್ಗಿದ. ಆಮೇಲೆ ಎಲ್ಲ ಈಚೆಗೆ ಬಂತು. ಅಯ್ಯೋ, ನಾನು ಕಟ್ಟಿದ ಮುದ್ದೆ. ಆದರೂ ಎದ್ದು ಓಡಿದ. ಅವನು ಗೆರೆ ಮುಟ್ಟುವ ಹೊತ್ತಿಗೆ ಟೈಮು ಮುಗಿದು ಅಡ್ಡಕ್ಕೆ ಹಗ್ಗ ಎಳೆದಾಗಿತ್ತು. ಹಗ್ಗದಿಂದ ಆಚೆ ಉಳಿದವರು ಅಲ್ಲಿಂದಲೇ ಮನೆಗೆ.

ಅವನು ಹಿಂದಿನ ಗೇಟಿನಿಂದ ಈಚೆ ಬಂದಾಗ ನಾವು ಅಲ್ಲಿಗೆ ಓಡಿದೆವು. ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದ. "ಆಗ್ಲಿಲ್ಲ ಕಣವ್ವ... ಇಲ್ಲ, ಊಟ ಎಲ್ಲಾ ಚೆನ್ನಾಗೇ ಸಿಕ್ತು. ನನ್ ಕೈಲೇ ಆಗ್ಲಿಲ್ಲ." ಫೋನಿಟ್ಟು ನಮ್ಮ ಕಡೆ ತಿರುಗಿದ. ಬೈದಿದ್ದರೆ ಚೆನ್ನಾಗಿತ್ತು. "ಬತ್ತೀನಿ ತಾತ" ಅಂತ ಹೇಳಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಮಧ್ಯಾಹ್ನ ನೀಲಾಂಬಿಕೆಯ ಹಿತ್ತಿಲಲ್ಲಿ ನಾನು ಪಾತ್ರೆ ಉಜ್ಜುತ್ತಿದ್ದೆ. ಇವರು ಬಂದು ಕಲ್ಲಿನ ಮೇಲೆ ಕೂತರು.

"ಕುಮಾರಿ, ಎಪ್ಪತ್ತೊಂಬತ್ರಲ್ಲಿ ನಾನು ಉಪವಾಸ ಇರ್ಲಿಲ್ಲ ಕಣೆ."

ನನ್ನ ಕೈ ನಿಂತಿತು.

"ಅವ್ವ ಮೊಸ್ರನ್ನ ಕಟ್ಟಿದ್ಲು. ಬಸ್ಸಲ್ಲೇ ತಿಂದಿದ್ದೆ. ಕಣ್ ಕತ್ಲೆನೂ ಬರ್ಲಿಲ್ಲ, ಏನೂ ಬರ್ಲಿಲ್ಲ. ಮುಂದ್ಗಡೆ ಓಡೋರ್ನ ನೋಡ್ದೆ, ಇದು ನನ್ ಕೈಲಾಗಲ್ಲ ಅನ್ನುಸ್ತು. ಕುಂತ್ಬುಟ್ಟೆ. ಊರ್ಗೆ ಬಂದು ಏನಂತ ಯೋಳ್ಲಿ? ಅಸ್ವು ಅಂದೆ. ಎಲ್ರೂ ಪಾಪ ಅಂದ್ರು. ಆ ಉಡ್ಗ ನೋಡು. ತಾತ ತಿನ್ಸಿ ಕೆಡುಸ್ದ ಅಂತ ಅವ್ರವ್ವನ್ಗೆ ಅಂದಿದ್ರೆ ಅದು ನಿಜಾನೇ ಆಗಿರೋದು. ಅವ್ನು ಅನ್ಲಿಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಸ ಮದುವಣಗಿತ್ತಿಯಾಗಿ ನಾನು ಹೊತ್ತ ಕುಕ್ಕೆಗಳು, ಸುಟ್ಟುಕೊಂಡ ಅಂಗೈಗಳು, ಈ ಮಂಡಿ, ಎಲ್ಲ ಒಂದು ಸುಳ್ಳಿಗಾಗಿಯಾ? "ಥೂ, ನಿಮ್ಮ ಮಕಕ್ಕೆ" ಅಂದೆ. ನಲವತ್ತು ವರ್ಷದಲ್ಲಿ ಆ ಮಾತು ಅಂದಿರಲಿಲ್ಲ. ಆಮೇಲೆ ಸಿಟ್ಟು ಮಾಡಿಕೊಳ್ಳಲೂ ಸುಸ್ತಾಯಿತು. ನಾಳೆ ಮೊದಲನೇ ಬಸ್ಸಿಗೆ ಊರಿಗೆ ಹೋಗೋಣ ಅಂತ ಹೇಳಿ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಒಳಗೆ ಹೋಗಿ ಮಲಗಿದೆ.

ಮಾರನೆಯ ಬೆಳಿಗ್ಗೆ ಹಿತ್ತಿಲಲ್ಲಿ ಸದ್ದು. ಇವರೇ ಒಲೆ ಹಚ್ಚಿ ಹಿಟ್ಟು ತೊಳಸುತ್ತಿದ್ದಾರೆ, ಹಿಟ್ಟು ಪೂರಾ ಗಂಟು ಗಂಟು. ಹಾಲು ಅಳೆದ ಕೈಗೆ ಅದೆಲ್ಲ ಎಲ್ಲಿ ಬರಬೇಕು? "ಸರೀರಿ ಅತ್ಲಾಗೆ" ಅಂತ ಕೋಲು ಕಿತ್ತುಕೊಂಡೆ. ಯಾಕೆ ಕಿತ್ತುಕೊಂಡೆನೋ ನನಗೇ ಗೊತ್ತಿಲ್ಲ. ಗಂಟು ಹಿಟ್ಟು ನೋಡಿಕೊಂಡು ಇರಲಾಗಲಿಲ್ಲ ಅಷ್ಟೆ.

ಆಟೋ ಹತ್ತುವ ಹೊತ್ತಿಗೆ ಏಳು ದಾಟಿತ್ತು. ಇನ್ನೇಕೆ, ಹುಡುಗರೆಲ್ಲ ಒಳಗೆ ಹೋಗಿರುತ್ತಾರೆ ಅಂದೆ. ಇವರು ಆಟೋದವನಿಗೆ ಹಿಂದಿನ ಗೇಟಿಗೆ ಬಿಡಪ್ಪ ಅಂದರು.

ಹಿಂದಿನ ಗೇಟು ಅಂದರೆ ಒಬ್ಬ ಮನುಷ್ಯ ತೂರುವಷ್ಟು ಬಾಗಿಲು. ಪಕ್ಕದಲ್ಲಿ ಚರಂಡಿ, ಕೆಟ್ಟು ನಿಂತ ಒಂದು ಲಾರಿ. ಹಗ್ಗದಿಂದಾಚೆ ಉಳಿದವರನ್ನು ಈ ಕಡೆಯಿಂದಲೇ ಹೊರಗೆ ಕಳಿಸುವುದು. ಅಪ್ಪ ಅವ್ವಂದಿರೆಲ್ಲ ಮುಂದಿನ ಗೇಟಿನಲ್ಲಿ ಕಾಯುತ್ತಾರೆ. ಇಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಲಾರಿಯ ನೆರಳಿನಲ್ಲಿ ಪಾತ್ರೆ ಇಳಿಸಿ ಕೂತೆವು.

ಸ್ವಲ್ಪ ಹೊತ್ತಿಗೆ ಹುಡುಗರು ಬರತೊಡಗಿದರು. ಇಪ್ಪತ್ತು ಮೂವತ್ತು ಜನ, ಬೆವರು, ಮಣ್ಣು. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಒಬ್ಬ ನಮ್ಮ ಪಾತ್ರೆಯ ಮುಂದೆ ನಿಂತು ಅನುಮಾನದಲ್ಲೇ ಕೇಳಿದ.

"ಇದು ಪಾಸಾದೋರ್ಗಾ ತಾತ?"

"ಅಲ್ಲ ಕಣ್ಮಗ. ಪಾಸಾದೋರ್ಗೆ ಇನ್ಮೇಲೆ ಸರ್ಕಾರ ಇಕ್ತದೆ."

ಪಾಸು ಅನ್ನುವ ಮಾತಿಗೇ ಹುಡುಗ ತಲೆ ತಗ್ಗಿಸಿಕೊಂಡು ಹೊರಟ. ಯಜಮಾನರು ಎದ್ದು ಅವನ ತೋಳು ಹಿಡಿದರು. ಅಷ್ಟೂ ಜನಕ್ಕೆ ಕೇಳುವ ಹಾಗೆ ಗಟ್ಟಿಯಾಗಿ ಅಂದರು:

"ನಾನೂ ಇದೇ ಮೈದಾನ್ದಲ್ಲಿ ಓಡಕ್ಕಾಗ್ದೆ ಕುಂತ್ಕಂಡೋನು ಕಣ್ಲಾ. ಬಾ, ಉಣ್ಣು."