ಅಕ್ಕನ ಕಾಲಿಗೆ ಬಂದ ಒಳ್ಳೆಯ ದಿನಗಳು

ನನ್ನನ್ನು ಹೆತ್ತ ಕೆಲವೇ ದಿನಗಳಲ್ಲಿ ಅಮ್ಮ ತೀರಿಕೊಂಡಳು. ಅಕ್ಕ ಆಗ ಇನ್ನೂ ಲಂಗ ಉಡುತ್ತಿದ್ದ ಹುಡುಗಿ. ಮಣೆಯ ಮೇಲೆ ಕಾಲು ನೀಡಿ ಕೂತು, ಆ ಕಾಲುಗಳ ಮೇಲೆ ಎಳೆಮಗುವನ್ನು ಮಲಗಿಸಿಕೊಂಡು ನೀರು ಹಾಕುವುದನ್ನು ಊರಿನ ಹೆಂಗಸರು ಅವಳಿಗೆ ಕಲಿಸಿಕೊಟ್ಟರು. ಅವಳ ಕಾಲುಗಳು ಎಷ್ಟು ಸಣ್ಣವಿದ್ದವೆಂದರೆ ನಾನು ಜಾರಿ ಹೋಗುತ್ತಿದ್ದೆನಂತೆ. ಅದಕ್ಕೆ ಹಳೆಯ ಸೀರೆಯ ತುಂಡನ್ನು ಮಡಿಸಿ ಎರಡು ಕಾಲಿನ ನಡುವೆ ತುರುಕಿಕೊಳ್ಳುತ್ತಿದ್ದಳಂತೆ.

"ಮೀನು ಹಿಡ್ಕೊಂಡಂಗೆ ಹಿಡ್ಕೋತಿದ್ದೆ ಕಣೇ ನಿನ್ನ" ಎಂದು ನಗುತ್ತಿದ್ದಳು.

ನಮ್ಮ ಊರು ಕೆಂಗೇರಿ ಕಡೆಯ ಉಲ್ಲಾಳದ ಹತ್ತಿರ. ನಮ್ಮ ಹೊಲದಲ್ಲಿ ಒಂದು ಮೆಟ್ಟಿಲು ಬಾವಿ ಇತ್ತು. ನನ್ನನ್ನು ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬಿಂದಿಗೆ ಹಿಡಿದು ಅಕ್ಕ ಅದರೊಳಗೆ ಇಳಿಯುತ್ತಿದ್ದಳು. ನೀರಿಗೆ ಸ್ವಲ್ಪ ಮೇಲೆ, ಎಡಗಡೆಯ ಗೋಡೆಯಲ್ಲಿ ಕಲ್ಲೊಂದು ಬಿದ್ದುಹೋಗಿ ಗೂಡಿನ ಹಾಗೆ ಆಗಿತ್ತಂತೆ. ಅಮ್ಮ ಅರಿಶಿನದ ಕೊಂಬು ಇಡುತ್ತಿದ್ದುದು ಅಲ್ಲಿ. ಅಮ್ಮ ಹೋದ ಮೇಲೂ ಆ ಕೊಂಬು ಅಲ್ಲೇ ಇತ್ತು, ಅದನ್ನು ತೇಯ್ದು ತೇಯ್ದು ನಿನ್ನ ಮೈಗೆ ಹಚ್ಚಿದೆ ಎಂದು ಅಕ್ಕ ಹೇಳುತ್ತಿದ್ದಳು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳು ಮದುವೆಯಾಗಿ ಹೋಗಿದ್ದಳು. ಆ ಗೂಡನ್ನು ನಾನು ಗಮನವಿಟ್ಟು ನೋಡಿದ್ದೇ ಇಲ್ಲ.

ಅವಳಿಗೆ ಮಕ್ಕಳಾಗಲಿಲ್ಲ. ಭಾವ ಹೋದ ಮೇಲೆ ರಾಜಾಜಿನಗರದ ನಮ್ಮ ಮನೆಗೇ ಬಂದಳು. ನನ್ನ ಮಕ್ಕಳೆಲ್ಲ ಅವಳ ಕಾಲಿನ ಮೇಲೆ ನೀರು ಹಾಕಿಸಿಕೊಂಡು ಬೆಳೆದವರು. ಎಪ್ಪತ್ತರ ದಶಕದ ನಡುವೆ ನನ್ನ ದೊಡ್ಡ ಮಗಳು ಚೊಚ್ಚಲ ಹೆರಿಗೆಗೆ ಬರುವ ಹೊತ್ತಿಗೆ ಅಕ್ಕನ ಬಲಗಾಲಿನ ಮಂಡಿ ಕೆಟ್ಟುಹೋಗಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು. ನೆಲದ ಮೇಲೆ ಕೂತರೆ ಏಳಲಾಗದು, ಸ್ಟೂಲಿನ ಮೇಲೆ ಕೂತು ಊಟ ಮಾಡುವುದಕ್ಕೆ ನಾಚಿಕೆ. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡುಬಿಡುತ್ತಿದ್ದಳು. ಎಕ್ಕದ ಎಲೆ ಕಾಯಿಸಿ ಕಟ್ಟಿದ್ದಾಯಿತು, ಮರಳು ಬಿಸಿ ಮಾಡಿ ಶಾಖ ಕೊಟ್ಟಿದ್ದಾಯಿತು. ಕೊನೆಗೆ ನನ್ನ ಯಜಮಾನರು ತಮ್ಮ ಕಾರ್ಖಾನೆಯಲ್ಲಿ ಯಾರನ್ನೋ ಕೇಳಿಕೊಂಡು ಬಂದು, ಮಂಡಿಯೊಳಗೇ ಸೂಜಿ ಹಾಕುವ ಡಾಕ್ಟರೊಬ್ಬರು ಇದ್ದಾರೆ ಎಂದರು.

ಮಗಳು ಹೆತ್ತು ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಗಾಜಿನ ಸಿರಿಂಜು ನೀರಿನಲ್ಲಿ ಕುದಿಯುತ್ತಿತ್ತು. ಡಾಕ್ಟರು ಮಂಡಿಯನ್ನು ಮಡಿಸಿ, ಬಿಡಿಸಿ, ಕೈಯಿಟ್ಟು ನೋಡಿದರು. ಮಂಡಿ ಮಡಿಸುವಾಗ ಒಳಗೆ ಕಟಕಟ ಎನ್ನುವುದು ನನಗೂ ಕೇಳಿಸಿತು. ಮೊದಲು ಚಿಪ್ಪಿನ ಪಕ್ಕದಿಂದ ಸೂಜಿ ಚುಚ್ಚಿ ಒಳಗಿದ್ದ ನೀರನ್ನು ತೆಗೆದರು. ಹರಳೆಣ್ಣೆಯಂತೆ ಅಂಟಂಟಾಗಿ, ಹಳದಿಯಾಗಿತ್ತು. ಆಮೇಲೆ ಅದೇ ಜಾಗಕ್ಕೆ ನೀರುಮಜ್ಜಿಗೆಯಂಥ ಬೆಳ್ಳನೆಯ ಔಷಧಿ ಬಿಟ್ಟರು. ಅಕ್ಕ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಹಿಡಿತ ಬಿಗಿಯಾಯಿತು.

"ನೋವಾಯ್ತೇನಮ್ಮ?" ಎಂದರು ಡಾಕ್ಟರು.

"ದಿನಾ ಆಗೋದಕ್ಕಿಂತ ಏನು ದೊಡ್ಡದಲ್ಲ ಸಾರ್."

ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಔಷಧಿ ಚೀಟಿಗೆಂದು ನಾನು ಒಳಗೆ ಹೋದೆ. ಡಾಕ್ಟರು ಕೈ ತೊಳೆಯುತ್ತಲೇ ಹೇಳಿದರು. "ನೋಡಮ್ಮ, ಇದು ವಾಸಿ ಮಾಡೋ ಸೂಜಿ ಅಲ್ಲ. ಊತ ಇಳಿಸುತ್ತೆ ಅಷ್ಟೆ. ಸವೆದಿರೋ ಮಂಡಿ ಸವೆದೇ ಇರುತ್ತೆ. ಒಂದು ತಿಂಗಳೋ, ಅದೃಷ್ಟ ಇದ್ರೆ ಇನ್ನೂ ಸ್ವಲ್ಪ ದಿನವೋ, ನೋವು ಕಾಣಿಸಲ್ಲ. ಕಾಣಿಸಲ್ಲ ಅಂತ ನೆಲದ ಮೇಲೆ ಕೂರೋದು, ಕುಕ್ಕರಗಾಲಲ್ಲಿ ಕೂರೋದು, ಭಾರ ಎತ್ತೋದು ಮಾಡಿಸ್ಬೇಡಿ. ಮತ್ತೆ ಬೇಗ ಕೆಟ್ಟುಹೋಗುತ್ತೆ. ಮೇಲಿಂದ ಮೇಲೆ ಇದನ್ನ ಹಾಕೋ ಹಾಗೂ ಇಲ್ಲ. ಅವರಿಗೆ ತಿಳಿಸಿ ಹೇಳಿ."

"ಆಯ್ತು ಸಾರ್" ಎಂದೆ.

ಹೊರಗೆ ಬಂದಾಗ ಅಕ್ಕ ಕೇಳಿದಳು, "ಏನಂದ್ರು ಡಾಕ್ಟ್ರು?"

"ಎರಡು ದಿನ ರೆಸ್ಟ್ ತಗೋಬೇಕಂತೆ. ಆಮೇಲೆ ಸರಿಹೋಗ್ತದಂತೆ."

ನಾನು ಮಾಡಿದ್ದು ಇಷ್ಟೇ. ಉಳಿದದ್ದನ್ನು ಮರೆತು ಬಿಟ್ಟಿದ್ದಲ್ಲ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಾದರೂ ಡಾಕ್ಟರು ಹೇಳಿದ ಪ್ರತಿ ಮಾತೂ ನನಗೆ ಅರ್ಥವಾಗಿತ್ತು. ಮನೆಯಲ್ಲಿ ಹಸಿ ಬಾಣಂತಿ ಇದ್ದಳು, ಕೂಸು ಇತ್ತು. ನಮ್ಮ ಬೀದಿಯಲ್ಲೇ ಮಕ್ಕಳಿಗೆ ನೀರು ಹಾಕುವ ಹೆಂಗಸೊಬ್ಬಳು ಇದ್ದಳು, ಕರೆದರೆ ಬರುತ್ತಿದ್ದಳು. ನನಗೆ ಅವಳು ಬೇಡವಾಗಿದ್ದಳು. ನನ್ನ ಮೊಮ್ಮಗುವೂ ಅಕ್ಕನ ಕಾಲಿನ ಮೇಲೆಯೇ ಮಲಗಬೇಕು ಎಂಬ ಆಸೆ. ಆ ಆಸೆಗೆ ಪ್ರೀತಿ ಎಂದು ಹೆಸರಿಟ್ಟುಕೊಂಡೆ.

ಅವತ್ತು ಸಂಜೆ ಮಂಡಿ ಇನ್ನಷ್ಟು ಉರಿಯಿತು. ಮಾರನೆಯ ದಿನ ಮಲಗಿದ್ದಳು. ಅದರ ಮಾರನೆಯ ಬೆಳಿಗ್ಗೆ ನಾನು ಹಂಡೆಗೆ ಉರಿ ಹಾಕುತ್ತಿದ್ದಾಗ ಹಿಂದಿನಿಂದ ಹೆಜ್ಜೆ ಕೇಳಿಸಿತು. ಕಾಲೆಳೆಯುವ ಸದ್ದು ಇರಲಿಲ್ಲ. ತಿರುಗಿ ನೋಡಿದರೆ ಅಕ್ಕ, ಗೋಡೆ ಬಿಟ್ಟು ನಿಂತಿದ್ದಾಳೆ.

"ಕಾಲು ಬಂತು ಕಣೇ" ಎಂದಳು, ಎಲ್ಲಿಗೋ ಹೋಗಿದ್ದವರು ಮನೆಗೆ ಬಂದಂತೆ.

ಆ ದಿನ ಎಲ್ಲರ ಜೊತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡಳು. ಬೇಕೆಂದೇ ಮತ್ತೆ ಮತ್ತೆ ಅನ್ನ ಬಡಿಸಿಕೊಂಡು ತಡಮಾಡಿದಳು. ನಾನು ಬಡಿಸುತ್ತಾ ಅವಳ ಮಂಡಿಯನ್ನೇ ನೋಡುತ್ತಿದ್ದೆ. ಬಾಯಿ ಬಿಡಬಹುದಾಗಿತ್ತು. ಸಾರು ಬಡಿಸಿದೆ.

ಕೈ ತೊಳೆದುಕೊಂಡು ಬಂದವಳು, "ಊರಿಗೆ ಹೋಗ್ಬರೋಣ್ವಾ?" ಎಂದು ಕೇಳಿದಳು. "ಬಾವಿಗೆ ಇಳೀಬೇಕು. ಕಾಲು ಕೆಟ್ಟಾಗಿಂದ ಅದೇ ಕನಸು. ಇಳೀತಾನೇ ಇರ್ತೀನಿ, ನೀರು ಸಿಗೋದೇ ಇಲ್ಲ."

"ಬಾಣಂತಿ ಬಿಟ್ಟು ಹೆಂಗಕ್ಕ ಹೋಗೋದು? ಮೂರು ತಿಂಗಳು ಕಳೀಲಿ."

"ಅದೂ ನಿಜ ಬಿಡು. ಬಾವಿ ಎಲ್ಲೋಗ್ತದೆ, ಕಾಲು ಎಲ್ಲೋಗ್ತದೆ."

ಅವಳಿಗೆ ಆತುರವಿರಲಿಲ್ಲ. ಕಾಲು ವಾಸಿಯಾಗಿದೆ ಎಂದು ನಂಬಿದವಳಿಗೆ ಆತುರ ಯಾಕೆ?

ಮರುದಿನದಿಂದಲೇ ಬಚ್ಚಲಿನಲ್ಲಿ ಮಣೆ ಹಾಕಿ ಕೂತಳು. ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ, ಕಾಲು ನೀಡಿ, ಕೂಸನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕುವುದನ್ನು ನೋಡಲು ಅಕ್ಕಪಕ್ಕದವರು ಬರುತ್ತಿದ್ದರು. ನಾನು ಬಿಸಿನೀರು ತೋಡಿ ಕೊಡುತ್ತಿದ್ದೆ. ಆವಿಯಲ್ಲಿ ಅವಳ ಮುಖ ಕೆಂಪಗಾಗಿ, ಚಿಕ್ಕ ಹುಡುಗಿಯಂತೆ ಕಾಣುತ್ತಿತ್ತು. ಕೂಸಿನದಾದ ಮೇಲೆ ಬಾಣಂತಿಯ ತಲೆಗೆ ನೀರು, ಆಮೇಲೆ ಸಾಂಬ್ರಾಣಿ ಹೊಗೆ. ದಿನಕ್ಕೆ ಎಷ್ಟು ಸಲ ಕೂರುತ್ತಿದ್ದಳು, ಎಷ್ಟು ಸಲ ಏಳುತ್ತಿದ್ದಳು, ಲೆಕ್ಕವಿಟ್ಟವರಿಲ್ಲ.

ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಕೆಣಕಿದಳು. "ಏನ್ರೀ ಇದು, ಮೊನ್ನೆವರೆಗೂ ಗೋಡೆ ಹಿಡ್ಕೊಂಡು ಬರ್ತಿದ್ರಿ. ಈಗ ಈ ಥರ ಓಡಾಡ್ತಾ ಇದೀರಲ್ಲ, ಯಾರಾದ್ರೂ ನೋಡೋಕೆ ಬರ್ತಾ ಇದಾರಾ?"

"ಗಂಡಿನ ಕಡೆಯೋರು ಒಪ್ಪಿದಾರೆ ಕಣವ್ವ" ಎಂದಳು ಅಕ್ಕ, ಕೂಸಿನ ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು. "ನಾನೇ ಇನ್ನೂ ಯೋಚ್ನೆ ಮಾಡ್ತಾ ಇದೀನಿ."

ಒಳಗೆ ಮಲಗಿದ್ದ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ.

ಅವರೆಕಾಯಿಯ ಕಾಲ ಬಂತು. ದೊಡ್ಡಪ್ಪನ ಮಗ ಒಂದು ಚೀಲ ಕಾಯಿ ಹೊತ್ತುಕೊಂಡು ಬಂದ. ಹೊಲವೆಲ್ಲ ಅವನ ಪಾಲಿಗೆ ಹೋಗಿತ್ತು. ಕಾಫಿ ಕುಡಿಯುತ್ತಾ, ಹೊಲ ಮಾರಿದ್ದೇನೆ, ಕೊಂಡವರು ಸೈಟು ಮಾಡುತ್ತಾರಂತೆ, ಆಗಲೇ ಕಲ್ಲು ನೆಟ್ಟಿದ್ದಾರೆ ಎಂದ.

"ಬಾವಿ?" ಎಂದಳು ಅಕ್ಕ.

"ಬಾವಿ ಇಟ್ಕೊಂಡು ಅವ್ರು ಏನ್ ಮಾಡ್ತಾರಕ್ಕ? ಸಂಕ್ರಾಂತಿ ಕಳೆದ ಮೇಲೆ ಮಣ್ಣು ಹೊಡಿಸ್ತಾರೆ."

ಅವನು ಹೋದ ಮೇಲೆ ಅಕ್ಕ ಕಾಯಿ ಸುಲಿಯುತ್ತಾ ಕೂತಳು. ಮೊರ ತುಂಬಿದ ಮೇಲೆ, "ಈ ಭಾನುವಾರ ಹೋಗ್ಬರೋಣ ಕಣೇ" ಎಂದಳು. "ಬೆಳಿಗ್ಗೆ ಕೂಸಿನ ನೀರು ಮುಗಿಸಿ ಹೊರಟ್ರೆ ಸಂಜೆಗೆ ಬಂದ್ಬಿಡಬಹುದು."

ಆ ಭಾನುವಾರ ಬೀಗರು ಮಗು ನೋಡಲು ಬರುವವರಿದ್ದರು. ಅದರ ಮುಂದಿನದು ತೊಟ್ಟಿಲ ಶಾಸ್ತ್ರ. ಸೂಜಿಯ ಗಡುವು ಮುಗಿಯುತ್ತಾ ಬಂದಿರುವುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಗೊತ್ತಿದ್ದೂ, "ಶಾಸ್ತ್ರ ಮುಗೀಲಿ ಅಕ್ಕ" ಎಂದೆ. ತೊಟ್ಟಿಲ ಶಾಸ್ತ್ರಕ್ಕೆ ಬಂದವರ ಎದುರು ಅವಳು ನೆಲದಲ್ಲಿ ಕೂತು ಒಬ್ಬಟ್ಟು ತಟ್ಟಿದಳು. ಎಲ್ಲರೂ ಹೊಗಳಿದರು. ಹೊಗಳಿಕೆ ನನಗೂ ಸಂದಂತೆ ನಿಂತಿದ್ದೆ.

ಆ ವಾರದಲ್ಲೇ ಒಂದು ಬೆಳಿಗ್ಗೆ, ನೀರು ಹಾಕಿ ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಅಕ್ಕ ಏಳಲು ಹೋದವಳು ಏಳಲಿಲ್ಲ. ಮುಖ ಬಿಳಿಚಿಕೊಂಡಿತು.

"ಮೊದ್ಲು ಕೂಸು ತಗೊ" ಎಂದಳು.

ಕೂಸನ್ನು ತೆಗೆದುಕೊಂಡೆ. ಅವಳನ್ನು ಎತ್ತಲು ಯಜಮಾನರು ಬರಬೇಕಾಯಿತು. ಸಂಜೆಯ ಹೊತ್ತಿಗೆ ಮಂಡಿ ಊದಿಕೊಂಡು ಗುಂಡಗಾಗಿತ್ತು.

ಮತ್ತೆ ಅದೇ ಡಾಕ್ಟರ ಬಳಿ ಹೋದೆವು. ದಾರಿಯುದ್ದಕ್ಕೂ ನಾನು ಹೆದರಿದ್ದು ಅವಳ ಕಾಲಿಗಾಗಿ ಅಲ್ಲ. ಅವರು ಮಂಡಿ ಮುಟ್ಟಿ ನೋಡಿ, ಏನೇನು ಮಾಡಿದಿರಿ ಎಂದು ಕೇಳಿದರು. ಅಕ್ಕ ಸಂಭ್ರಮದಿಂದಲೇ ಎಲ್ಲವನ್ನೂ ಹೇಳಿದಳು. ಮಣೆ, ಕೂಸು, ಒಬ್ಬಟ್ಟು.

ಡಾಕ್ಟರು ಕನ್ನಡಕ ತೆಗೆದರು. "ನೆಲದ ಮೇಲೆ ಕೂರಲೇಬಾರದು, ಇದು ಸ್ವಲ್ಪ ದಿನದ ಆರಾಮ ಅಷ್ಟೆ ಅಂತ ಹೇಳಿ ಕಳಿಸಿದ್ನಲ್ಲಮ್ಮ. ನಿಮಗೆ ಯಾರೂ ಹೇಳಲಿಲ್ವಾ?"

ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಕಣ್ಣು ತಗ್ಗಿಸಿದ್ದರಿಂದಲೇ ಅವಳಿಗೆ ಎಲ್ಲ ತಿಳಿದುಹೋಗಿರಬೇಕು.

"ಹೇಳಿದ್ಲು ಸಾರ್" ಎಂದಳು. "ನಾನೇ ಕೇಳ್ಲಿಲ್ಲ. ನಮ್ಮದು ಹಳ್ಳಿ ಬುದ್ಧಿ, ನೋವು ಹೋದ್ರೆ ಕಾಯಿಲೆ ಹೋಯ್ತು ಅಂದ್ಕೋತೀವಿ."

ಡಾಕ್ಟರು ಅವಳನ್ನು ಚೆನ್ನಾಗಿ ಬೈದರು. ನನಗೆ ಸೇರಬೇಕಾದ ಬೈಗುಳವನ್ನು ಅವಳು ತಲೆಯಾಡಿಸುತ್ತಾ ಕೇಳಿಸಿಕೊಂಡಳು. ಇನ್ನೊಂದು ಸೂಜಿಯನ್ನು ಸದ್ಯಕ್ಕೆ ಹಾಕುವುದಿಲ್ಲ ಎಂದರು. ಕೆಲವು ತಿಂಗಳು ಕಳೆದ ಮೇಲೆ ಹಾಕಿದರು ಕೂಡ. ಅದು ಅಷ್ಟಾಗಿ ಹಿಡಿಯಲಿಲ್ಲ.

ಸಂಕ್ರಾಂತಿಗೆ ಮುಂಚೆ ನಾನೇ ಹಠ ಮಾಡಿ ಅವಳನ್ನು ಊರಿಗೆ ಹೊರಡಿಸಿದೆ. ಕೆಂಗೇರಿಯವರೆಗೆ ಬಸ್ಸು, ಅಲ್ಲಿಂದ ದೊಡ್ಡಪ್ಪನ ಮಗ ಎತ್ತಿನ ಗಾಡಿ ತಂದಿದ್ದ. ಹುಲ್ಲಿನ ಮೇಲೆ ಕಾಲು ನೀಡಿ ಕೂತ ಅಕ್ಕ, ಗಾಡಿ ಎತ್ತಿಹಾಕಿದಾಗಲೆಲ್ಲ ಎರಡು ಕೈಯಲ್ಲೂ ಮಂಡಿ ಹಿಡಿದುಕೊಳ್ಳುತ್ತಿದ್ದಳು. ರಾಗಿ ಕೊಯ್ದಾಗಿತ್ತು. ಕೂಳೆಯ ನಡುವೆ ಸುಣ್ಣ ಬಳಿದ ಕಲ್ಲುಗಳು.

ಬಾವಿಯ ಬಾಯಿಯವರೆಗೆ ನನ್ನ ಹೆಗಲು ಹಿಡಿದು ಬಂದಳು. ಮೊದಲ ಮೆಟ್ಟಿಲಿಗೆ ಎಡಗಾಲು ಇಟ್ಟಳು. ಬಲಗಾಲು ಮಡಿಯಲಿಲ್ಲ. ಇನ್ನೊಮ್ಮೆ ಮಡಿಸಿ ನೋಡಿದಳು. ಆಮೇಲೆ ಹಿಂದಕ್ಕೆ ಸರಿದು ಕಟ್ಟೆಯ ಮೇಲೆ ಕೂತು, "ನೀನು ಇಳಿದು ಒಂದು ಚೊಂಬು ನೀರು ತಾ. ಪಾಚಿ ಇರ್ತದೆ, ನೋಡ್ಕೊಂಡು ಇಳಿ" ಎಂದಳು.

ನಾನು ಇಳಿದೆ. ನನ್ನ ಮಂಡಿಗಳು ಆಗ ಗಟ್ಟಿಯಾಗಿದ್ದವು. ಒಳಗೆ ತಂಪಾಗಿತ್ತು, ಕತ್ತಲೆಯಿತ್ತು, ನನಗೆ ಏನೂ ನೋಡುವ ಧೈರ್ಯವಿರಲಿಲ್ಲ. ಚೊಂಬು ಮುಳುಗಿಸಿ ಬೇಗ ಬೇಗ ಹತ್ತಿ ಬಂದೆ. ಕುಡಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೀರೆಯನ್ನು ಮಂಡಿಯವರೆಗೆ ಎತ್ತಿ ಎರಡೂ ಕಾಲನ್ನು ಮುಂದಕ್ಕೆ ನೀಡಿದಳು.

"ಹಾಕು" ಎಂದಳು.

ನಿಧಾನವಾಗಿ ಹಾಕಿದೆ. ನೀರು ಮಂಡಿಯಿಂದ ಪಾದಕ್ಕೆ ಇಳಿಯಿತು. ನಾನು ಮಲಗುತ್ತಿದ್ದ ಜಾಗ ಅದು. ಅಲ್ಲಿಯೇ ಎಲ್ಲ ಹೇಳಿಬಿಡಬೇಕೆಂದು, "ಅಕ್ಕ, ಡಾಕ್ಟ್ರು ಅವತ್ತು" ಎಂದು ಶುರು ಮಾಡಿದೆ.

"ಇನ್ನೂ ಇದೆಯಾ ಚೊಂಬಲ್ಲಿ? ಪೂರ್ತಿ ಹಾಕು" ಎಂದಳು.

ಗಾಡಿ ಕೆಂಗೇರಿಯ ರಸ್ತೆಗೆ ಹತ್ತುವಾಗ ಅವಳು ಕೇಳಿದಳು. "ಎಡಗಡೆ ಗೋಡೇಲಿ ಗೂಡು ಇತ್ತೇನೇ?"

ನಾನು ನೋಡಿರಲಿಲ್ಲ. "ಇತ್ತು ಅಕ್ಕ" ಎಂದೆ.

"ಒಳಗೆ ಹಳದಿ ಬಣ್ಣ?"

"ಸ್ವಲ್ಪ ಇತ್ತು."

ಅವಳು ತಲೆಯಾಡಿಸಿ, ಒದ್ದೆ ಕಾಲಿನ ಮೇಲೆ ಸೀರೆಯನ್ನು ಎಳೆದುಕೊಂಡಳು.