ರಿಗ್ಗೈಯಲ್ಲಿ ಎರಡು ಕವರಾಲ್

ರಜೆಗೆಂದು, ಓದುತ್ತಿರುವ ಸ್ವೀಡನ್‌ನಿಂದ ಕುವೈತಿಗೆ, ಅಣ್ಣನ ಬಳಿಗೆ ಬಂದಿದ್ದೇನೆ. ನಿನ್ನೆ ಸಂಜೆ ಇಲ್ಲಿನ ರಿಗ್ಗೈ ಬಡಾವಣೆಯ ಹಾಲ್‌ನಲ್ಲಿ ಊರಿನವರ ಗಾನಸಂಜೆ ಇತ್ತು. ಸ್ವೀಡನ್‌ನ ವಿದ್ಯಾರ್ಥಿಗಳ ಹಾಡೊಂದನ್ನು ಹೇಳಬೇಕೆಂದು ಸಂಘಟಕರು ಕೇಳಿದ್ದರಿಂದ ಅಂಗಿ-ಪ್ಯಾಂಟು ಒಂದಾಗಿ ಹೊಲಿದ ನನ್ನ ಕಿತ್ತಳೆ ಕವರಾಲ್ ತೊಟ್ಟೇ ವೇದಿಕೆ ಹತ್ತಿದೆ. ಸ್ವೀಡನ್‌ನಲ್ಲಿ ನಾವು ಇಂಜಿನಿಯರಿಂಗ್ ಹುಡುಗರು ಬ್ಯಾಂಡ್ ಕೇಳಲು ಹೋಗುವುದೂ ಇದರಲ್ಲೇ, ಔತಣದ ನಡುವೆ ಬೆಂಚು ಹತ್ತಿ ಹಾಡುವುದೂ ಇದರಲ್ಲೇ. ಪ್ರತಿ ಪಾರ್ಟಿಯ ನೆನಪಿಗೊಂದು ಬಣ್ಣದ ತೇಪೆ ಹೊಲಿದುಕೊಳ್ಳುತ್ತೇವೆ. ತೇಪೆಗಳನ್ನು ಕಂಡು ಸಭೆ ಶಿಳ್ಳೆ ಹೊಡೆಯಿತು, ಚಪ್ಪಾಳೆ ತಟ್ಟುತ್ತ ನಾನು ಹೇಳಿಕೊಟ್ಟ ಪಲ್ಲವಿಯನ್ನು ಜೊತೆಗೆ ಹಾಡಿತು.

ಇಳಿದು ಬಂದಾಗ ಬಾಗಿಲಲ್ಲಿ ಅಣ್ಣ ನಿಂತಿದ್ದ. ಮೀನಾ ಅಬ್ದುಲ್ಲಾ ಎಂಬಲ್ಲಿನ ತೈಲ ರಿಫೈನರಿಯಿಂದ ಕೆಲಸ ಮುಗಿಸಿ ನೇರ ಬಂದಿದ್ದ, ಮೈಮೇಲೆ ಕೆಲಸದ ನೀಲಿ ಕವರಾಲ್. ಸ್ವಯಂಸೇವಕನೊಬ್ಬ ಅವನಿಗೆ ಅಡ್ಡ ನಿಂತಿದ್ದ.

"ಚೇಂಜ್ ಮಾಡಿ ಬನ್ನಿ ಭಾಯಿ, ಒಳಗೆ ಫ್ಯಾಮಿಲಿಯವರಿದ್ದಾರೆ."

"ಹಾಗಾದರೆ ನಾನು?" ಎಂದೆ.

"ನಿಮ್ಮದು ಫ್ಯಾಷನ್ ಅಲ್ವಾ ಮಾರಾಯ್ರೆ. ಇವರದ್ದು ಡ್ಯೂಟಿ ಡ್ರೆಸ್."

ನನ್ನ ಮೈ ಉರಿಯಿತು. ಆ ಡ್ಯೂಟಿ ಡ್ರೆಸ್ ತೊಟ್ಟು ದುಡಿದೇ ಅಣ್ಣ ನನ್ನನ್ನು ಓದಿಸುತ್ತಿರುವುದು. ಕಲಿಯುವವನು ಮೋಜಿಗೆ ತೊಟ್ಟರೆ ಶಿಳ್ಳೆ, ಕೆಲಸದವನು ತೊಟ್ಟರೆ ಮರ್ಯಾದೆಗೇಡೇ? ಸಂಘಟಕರನ್ನು ಕರೆಯಿರಿ ಎಂದು ಕೂಗಾಡಿದೆ. ಅಣ್ಣ ನನ್ನ ತೋಳು ಹಿಡಿದುಕೊಂಡ.

"ಖಲಾಸ್, ಬಿಡು ಮಾರಾಯ. ನಿನ್ನ ಹಾಡು ಪೂರ್ತಿ ಇಲ್ಲಿಗೇ ಕೇಳಿಸ್ತು."